ವಿದ್ಯುತ್ಕಾಂತೀಯ ತರಂಗಗಳು

ಪರಸ್ಪರ ಲಂಬವಾಗಿ ಕಂಪಿಸುವ ವಿದ್ಯುತ್ ಕ್ಷೇತ್ರ ಹಾಗೂ ಕಾಂತಕ್ಷೇತ್ರಗಳಿಂದ ಉಂಟಾಗುವ ಅಲೆಗಳನ್ನು ವಿದ್ಯುತ್ಕಾಂತೀಯ ತರಂಗಗಳು ಎಂದು ಕರೆಯುತ್ತಾರೆ. ಶಬ್ದದ ಅಲೆಗಳು ಸಾಗಲು ಗಾಳಿ, ನೀರು ಮೊದಲಾದ ಮಾಧ್ಯಮ ಬೇಕು, ಇವುಗಳಿಗೆ ಬೇಡ. ಆದ್ದರಿಂದಲೇ ಸೂರ್ಯನ ಬೆಳಕು ಅಂತರಿಕ್ಷವನ್ನು ದಾಟಿ ಸುಮಾರು 8 ನಿಮಿಷಗಳಲ್ಲಿ ಭೂಮಿಯನ್ನು ತಲುಪುತ್ತದೆ. ನಿರ್ವಾತದಲ್ಲಿ ಇವೆಲ್ಲವುಗಳ ವೇಗ ಒಂದೇ: ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ತರಂಗಾಂತರ ಕಡಿಮೆಯಾದಂತೆ ಆವೃತ್ತಿಯೂ ಶಕ್ತಿಯೂ ಹೆಚ್ಚುತ್ತವೆ. ಈ ಕ್ರಮದಲ್ಲಿ ಜೋಡಿಸಿದ ಶ್ರೇಣಿಯೇ ವಿದ್ಯುತ್ಕಾಂತೀಯ ರೋಹಿತ.

ಇತಿಹಾಸ

ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1865ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬೆಳಕು ಇಂತಹ ಅಲೆಯೆಂದು ಗಣಿತದ ಮೂಲಕ ನಿರೂಪಿಸಿದನು. ಹೈನ್ರಿಚ್ ಹರ್ಟ್ಜ್ 1887ರಲ್ಲಿ ಆರಂಭಿಸಿದ ಪ್ರಯೋಗಗಳು ಈ ಅಲೆಗಳ ಇರುವಿಕೆಯನ್ನು ಸ್ಥಿರಪಡಿಸಿದವು. ಆವೃತ್ತಿಯ ಮಾನಕ್ಕೆ ಅವನ ಹೆಸರನ್ನೇ ಇಡಲಾಗಿದೆ. 1890ರ ದಶಕದಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಅಲೆಗಳನ್ನು ಉಂಟುಮಾಡಿ ಅಭ್ಯಸಿಸಿದರು.

ವಿಧಗಳು ಮತ್ತು ಉಪಯೋಗಗಳು

ರೇಡಿಯೋ ತರಂಗಗಳು: ಇವುಗಳ ತರಂಗಾಂತರ ಅತಿ ಹೆಚ್ಚು. ಬಾನುಲಿ ಪ್ರಸಾರಕ್ಕೆ ಬಳಕೆಯಾಗುತ್ತವೆ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಆಕಾಶಕಾಯಗಳಿಂದ ಬರುವ ರೇಡಿಯೋ ಅಲೆಗಳನ್ನು ಗೌರಿಬಿದನೂರಿನ ರೇಡಿಯೋ ದೂರದರ್ಶಕವು ಗ್ರಹಿಸುತ್ತದೆ.

ಮೈಕ್ರೋ ತರಂಗಗಳು: ಮೊಬೈಲ್, ವೈ-ಫೈ, ರೇಡಾರ್ ಮತ್ತು ಉಪಗ್ರಹ ಸಂಪರ್ಕಗಳಿಗೆ ಆಧಾರ. ಮೈಕ್ರೋವೇವ್ ಒಲೆಯಲ್ಲಿ ಇವು ಆಹಾರದ ನೀರಿನ ಅಣುಗಳನ್ನು ಅಲುಗಾಡಿಸಿ ಬಿಸಿಯನ್ನು ಹುಟ್ಟಿಸುತ್ತವೆ. ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್ ಇರುವುದರಿಂದ ಬಾಗಿಲಿನ ಲೋಹದ ಜಾಲರಿಯ ಸಣ್ಣ ರಂಧ್ರಗಳು ಅದನ್ನು ತಡೆಯುತ್ತವೆ.

ಅವಕೆಂಪು ಕಿರಣಗಳು: ಬಿಸಿ ವಸ್ತುಗಳೆಲ್ಲ ಇವನ್ನು ಹೊರಸೂಸುತ್ತವೆ. ಹಣೆಯನ್ನು ಮುಟ್ಟದೆ ಜ್ವರ ಅಳೆಯುವ ಉಷ್ಣಮಾಪಕ ಹಾಗೂ ದೂರದರ್ಶನದ ರಿಮೋಟ್ ಇವನ್ನು ಬಳಸುತ್ತವೆ.

ಗೋಚರ ಬೆಳಕು: ಮನುಷ್ಯನ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗಿನ ಕಿರಿದಾದ ಪಟ್ಟಿ ಮಾತ್ರ. ಕಾಮನಬಿಲ್ಲಿನ ಬಣ್ಣಗಳೆಲ್ಲ ಇದರೊಳಗೇ ಇವೆ.

ನೇರಳಾತೀತ ಕಿರಣಗಳು: ಚರ್ಮದಲ್ಲಿ ಡಿ ಜೀವಸತ್ವ ಉತ್ಪತ್ತಿಯಾಗಲು ಕಾರಣ. ಕುಡಿಯುವ ನೀರಿನ ರೋಗಾಣುಗಳನ್ನು ಕೊಲ್ಲಲು, ಖೋಟಾ ನೋಟುಗಳನ್ನು ಪತ್ತೆಹಚ್ಚಲು ಉಪಯುಕ್ತ.

ಕ್ಷ-ಕಿರಣಗಳು: ವಿಲ್‌ಹೆಲ್ಮ್ ರಾಂಟ್‌ಜನ್ 1895ರಲ್ಲಿ ಕಂಡುಹಿಡಿದನು. ಮಾಂಸಖಂಡವನ್ನು ಸುಲಭವಾಗಿ ಹಾಯ್ದು ಮೂಳೆಯಲ್ಲಿ ಹೆಚ್ಚು ಹೀರಲ್ಪಡುವುದರಿಂದ ಮೂಳೆಮುರಿತವನ್ನು ತೋರಿಸುತ್ತವೆ.

ಗಾಮಾ ಕಿರಣಗಳು: ವಿಕಿರಣಶೀಲ ಪರಮಾಣು ಬೀಜಗಳಿಂದ ಹೊರಡುತ್ತವೆ. ಕೋಬಾಲ್ಟ್-60ರ ಗಾಮಾ ಕಿರಣಗಳನ್ನು ಕ್ಯಾನ್ಸರ್ ಚಿಕಿತ್ಸೆಯಲ್ಲಿಯೂ ವೈದ್ಯಕೀಯ ಸಾಮಗ್ರಿಗಳ ಶುದ್ಧೀಕರಣದಲ್ಲಿಯೂ ಬಳಸಲಾಗುತ್ತದೆ.

ಸುರಕ್ಷತೆ

ಕ್ಷ-ಕಿರಣ ಮತ್ತು ಗಾಮಾ ಕಿರಣಗಳು ಪರಮಾಣುವಿನಿಂದ ಎಲೆಕ್ಟ್ರಾನುಗಳನ್ನು ಬೇರ್ಪಡಿಸಿ ಜೀವಕೋಶಗಳಿಗೆ ಹಾನಿಯುಂಟುಮಾಡಬಲ್ಲವು. ಆದುದರಿಂದ ಗರ್ಭಿಣಿಯರು ಕ್ಷ-ಕಿರಣ ಪರೀಕ್ಷೆಗೆ ಮುನ್ನ ವೈದ್ಯರಿಗೆ ತಿಳಿಸಬೇಕು. ರೇಡಿಯೋ ಮತ್ತು ಮೈಕ್ರೋ ತರಂಗಗಳಿಗೆ ಎಲೆಕ್ಟ್ರಾನುಗಳನ್ನು ಹೀಗೆ ಬೇರ್ಪಡಿಸುವ ಶಕ್ತಿಯಿಲ್ಲ. ತೀವ್ರತೆ ಹೆಚ್ಚಾದಾಗ ಅಂಗಾಂಶವನ್ನು ಬಿಸಿಮಾಡುತ್ತವೆ. ನೇರಳಾತೀತ ಕಿರಣಗಳು ಕಣ್ಣು ಮತ್ತು ಚರ್ಮಕ್ಕೆ ಅಪಾಯಕಾರಿಯಾದ್ದರಿಂದ ವೆಲ್ಡಿಂಗ್ ಮಾಡುವವರಿಗೆ ರಕ್ಷಾಕವಚ ಅವಶ್ಯಕ.

ಆಸ್ಪತ್ರೆಯ 'ಸ್ಕ್ಯಾನಿಂಗ್'ಗಳೆಲ್ಲ ಒಂದೇ ಬಗೆಯವಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲಿ ಕ್ಷ-ಕಿರಣಗಳೂ ಎಂ.ಆರ್.ಐ.ಯಲ್ಲಿ ಕಾಂತಕ್ಷೇತ್ರ ಹಾಗೂ ರೇಡಿಯೋ ತರಂಗಗಳೂ ಬಳಕೆಯಾಗುತ್ತವೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಮಾಡುವ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಬಳಸುವುದು ಶಬ್ದತರಂಗವೇ ಹೊರತು ವಿದ್ಯುತ್ಕಾಂತೀಯ ತರಂಗವಲ್ಲ.