ಮೋಡಿಯಲ್ಲಿ ಮರೆಯಾದ ಮನೆತನಗಳು

ಹಿಂದೆ ಸುಗ್ಗಿ ಮುಗಿದೊಡನೆ ಹೆಳವನು ಎತ್ತನ್ನೇರಿ ಗಂಟೆ ಬಾರಿಸುತ್ತ ನಮ್ಮ ಸೀಮೆಯ ಒಕ್ಕಲು ಮನೆಗಳ ಬಾಗಿಲಿಗೆ ಬರುತ್ತಿದ್ದನು. ಮೂಲಪುರುಷನಿಂದ ಮೊದಲ್ಗೊಂಡು ಮನೆತನದ ಹೆಸರುಗಳನ್ನು ಹೇಳಿ, ಕಾಳುಕಡಿ ಪಡೆದು ಮುಂದಿನೂರಿಗೆ ಸಾಗುತ್ತಿದ್ದನು. ಆತನ ಬರವು ವಿರಳವಾದ ಮೇಲೆ ವಂಶದ ನೆನಪು ಅಜ್ಜ ಅಜ್ಜಿಯರ ನಾಲಗೆಯ ಮೇಲಷ್ಟೇ ಉಳಿಯಿತು. ಮಿಕ್ಕುದನ್ನು ಕಾಗದದಲ್ಲಿ ಅರಸಬೇಕು.

ಕಾಗದವೇನೋ ಈಗ ಕಣ್ಣಿಗೆ ನಿಲುಕುವಂತಾಗಿದೆ. ಅಮೆರಿಕೆಯ ಯೂಟಾ ವಂಶಾವಳಿ ಸಂಘವು 1938ರಿಂದ ನಾನಾ ದೇಶಗಳ ದಾಖಲೆಗಳನ್ನು ಮೈಕ್ರೋಫಿಲ್ಮಿನಲ್ಲಿ ಹಿಡಿದಿಟ್ಟಿತು. ಹರಿದ್ವಾರದ ಪಂಡೆಗಳ ವಹಿಗಳೂ ಅವುಗಳಲ್ಲಿ ಸೇರಿವೆ. ಸುಮಾರು 24 ಲಕ್ಷ ಸುರುಳಿಗಳನ್ನು ಗಣಕಯಂತ್ರಕ್ಕೇರಿಸುವ ಕಾರ್ಯ 2021ರಲ್ಲಿ ಮುಗಿಯಿತು. ಹೆಸರು ನೋಂದಾಯಿಸಿ ಮನೆಯಲ್ಲಿಯೇ ಉಚಿತವಾಗಿ ನೋಡಬಹುದಾದವು ಕೆಲವು. ಸಂಘದ ಕೇಂದ್ರಕ್ಕೆ ಹೋಗಿಯೇ ನೋಡತಕ್ಕವು ಕೆಲವು. ಮಹಾರಾಷ್ಟ್ರದಲ್ಲಿ 2023ರಲ್ಲಿ ನ್ಯಾಯಮೂರ್ತಿ ಸಂದೀಪ ಶಿಂದೆಯವರ ಸಮಿತಿಯು ಕುಣಬಿ ನಮೂದುಗಳ ಶೋಧಕ್ಕೆ ತೊಡಗಿದಾಗ ಹಳೆಯ ಜನನ ಮರಣ ವಹಿಗಳೂ ಜಮೀನಿನ ಕಾಗದಗಳೂ ಗಂಟು ಬಿಚ್ಚಿದವು, ಅನೇಕ ಪುಟಗಳು ಸ್ಕ್ಯಾನ್ ಆದವು.

ಆದರೆ ಪುಟ ಕಂಡ ಮಾತ್ರಕ್ಕೆ ಓದಿದಂತಾಗದು. 1948ರವರೆಗೆ ಅಕ್ಕಲಕೋಟೆಯು ಭೋಸಲೆ ಮನೆತನದ ಸಂಸ್ಥಾನ. ಸೊಲ್ಲಾಪುರವು 1947ರವರೆಗೆ ಬ್ರಿಟಿಷರ ಜಿಲ್ಲೆ. ಪೂರ್ವದ ಆಳಂದವು ನಿಜಾಮನದು. ಗಂಡನ ಮನೆಯ ಕಾಗದ ಮೋಡಿಯಲ್ಲಿ, ಹೆಂಡತಿಯ ತವರಿನದು ಉರ್ದುವಿನಲ್ಲಿ, ಮನೆಯ ಮಾತು ಕನ್ನಡ! ಇಸವಿ 1925 ಎಂಬುದೇ ಶಕ 1847, ಅದೇ ನಿಜಾಮನ ಸೀಮೆಯಲ್ಲಿ ಫಸಲಿ 1335. ಮೋಡಿಯಂತೂ ಲೇಖನಿಯನ್ನೆತ್ತದೆ, ಪದಗಳ ನಡುವೆ ತೆರಪಿಲ್ಲದೆ ಬರೆಯುವ ಲಿಪಿ. ಇಕಾರ ಉಕಾರಗಳ ಹ್ರಸ್ವ ದೀರ್ಘವೂ ಅಲ್ಲಿ ತಿಳಿಯದು. ಜನನದ ನಮೂದಿನಲ್ಲಿ ಕೂಸಿನ ಹೆಸರಿರದೆ ತಂದೆಯ ಹೆಸರಷ್ಟೇ ಇರುವುದೂ ಉಂಟು.

ನಮ್ಮ ಮುತ್ತಜ್ಜನ ಕಾಲದ ಜಮೀನಿನ ಕಾಗದವೊಂದರ ಛಾಯಾಪ್ರತಿ ನಮಗೆ ದೊರೆಯಿತು. ವಿದ್ವಾನ್ ಪರೀಕ್ಷೆ ಮುಗಿಸಿ ಹಳಗನ್ನಡ ಬೋಧಿಸುವ ನಾವು ಆ ಹಾಳೆಯ ಮುಂದೆ ನಿರಕ್ಷರರು! ಸೊಲ್ಲಾಪುರದಲ್ಲಿ ಮೋಡಿ ಬಲ್ಲ ಮರಾಠಿ ಹಿರಿಯರೊಬ್ಬರ ಬಳಿಗೆ ಒಯ್ದೆವು. ಅವರು ಸರಾಗವಾಗಿ ಓದುತ್ತ ಬಂದು ಒಂದೆಡೆ ತಡೆದರು. "ಗುರುಜೀ, ಇದಾರೋ ಮನುಷ್ಯನ ಹೆಸರಿರಬೇಕು" ಎಂದು ಅಕ್ಷರ ಕೂಡಿಸಿ ಉಚ್ಚರಿಸಿದರು: "ಹುಣಸಿಮರದಹೊಲ." ನಮ್ಮ ಕಿವಿ ನಿಮಿರಿತು. ಅದು ಹುಣಸೀಮರದ ಹೊಲ! ಮಾವನವರು ಬರಗಾಲದಲ್ಲಿ ಮಾರಿದರೆಂದು ಅಜ್ಜಿಯವರು ಹೇಳುತ್ತಿದ್ದ, ನಾವು ಕಟ್ಟುಕಥೆಯೆಂದು ಬಗೆದಿದ್ದ ಹೊಲ. ಅವರಿಗೆ ಅಕ್ಷರ ತಿಳಿದಿತ್ತು, ಮಾತು ತಿಳಿದಿರಲಿಲ್ಲ. ನಮಗೆ ಮಾತು ತಿಳಿದಿತ್ತು, ಅಕ್ಷರ ತಿಳಿದಿರಲಿಲ್ಲ.

ಆದುದರಿಂದ ಮನೆಯ ಹಿರಿಯರಿಂದ ಊರು, ಹೊಲಗಳ ಹೆಸರು, ಮನೆದೇವರು, ತವರು, ಅಡ್ಡಹೆಸರು ಇವನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಯಂತ್ರದ ಮುಂದೆ ಕುಳಿತುಕೊಳ್ಳಿರಿ. ನಾವು ಹಾಗೆ ಮಾಡಲಿಲ್ಲ. ಅಜ್ಜಿಯವರು ತೀರಿಕೊಂಡು ಬಹು ಕಾಲವಾಯಿತು. ಮೋಡಿ ಬಲ್ಲ ಆ ಹಿರಿಯರಿಗೆ ಎಂಬತ್ತು ಮೀರಿದೆ. ಅದೇ ಕಾಗದದ ಕೆಳಸಾಲಿನಲ್ಲಿ ಇನ್ನೆರಡು ಹೆಸರುಗಳಿವೆ. ಅಕ್ಷರಗಳನ್ನು ಅವರು ಓದಿ ಕೊಟ್ಟಿದ್ದಾರೆ. ಅವು ಹೊಲಗಳೋ ಮನುಷ್ಯರೋ ನಮಗೆ ತಿಳಿಯದು.