ಸಂಗಮದ ಊರುಗಳ ಕಸುಬು ಮತ್ತು ಕದನ

ಸರದಿಯ ಪ್ರಕಾರ ಆಡುವ ಯುದ್ಧತಂತ್ರದ ವಿಡಿಯೋ ಗೇಮುಗಳಲ್ಲಿ, ಎಂದರೆ ಒಬ್ಬನ ನಡೆ ಮುಗಿದ ಮೇಲೆಯೇ ಎದುರಾಳಿಯ ಸರದಿ ಬರುವ ಆಟಗಳಲ್ಲಿ, ಹೊಸಬರು ಮೊದಲು ಕಲಿಯಬೇಕಾದ ಪಾಠಗಳು ಎರಡು: ಯಾವ ಊರಿಗೆ ಯಾವ ಕಸುಬನ್ನು ಒಪ್ಪಿಸಬೇಕೆಂಬುದು ಒಂದು, ಯಾವ ನೆಲದಲ್ಲಿ ನಿಂತು ಕಾದಬೇಕೆಂಬುದು ಇನ್ನೊಂದು. 1991ರಲ್ಲಿ ಸಿಡ್ ಮೈಯರ್ ಹೊರತಂದ ‘ಸಿವಿಲೈಸೇಶನ್’ ಇಂಥ ಆಟಗಳ ಪೈಕಿ ತುಂಬ ಹೆಸರಾದದ್ದು. ಅದರ ಸರಣಿಯ ಮುಂದಿನ ಆಟಗಳಲ್ಲಿ ನದಿ ದಾಟಿ ಏರಿಬರುವ ಸೇನೆಯ ಬಲ ತಗ್ಗುತ್ತದೆ, ಒಂದೊಂದು ಊರು ಒಂದೊಂದು ಕೆಲಸದಲ್ಲಿ ಪಳಗಿದಷ್ಟೂ ರಾಜ್ಯ ಗಟ್ಟಿಯಾಗುತ್ತದೆ. ಈ ಎರಡು ಪಾಠಗಳನ್ನೂ ಕಪಿಲೆ ಕಾವೇರಿಯನ್ನು ಕೂಡುವ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆ ಸಾವಿರ ವರ್ಷಗಳ ಉದ್ದಕ್ಕೂ ತೋರಿಸಿಕೊಟ್ಟಿದೆ. ಅಷ್ಟೇ ಅಲ್ಲ, ಸಿಂಹಾಸನವನ್ನು ನೆಚ್ಚಿದ ಊರು ಸಿಂಹಾಸನದೊಡನೆಯೇ ಕುಸಿಯುತ್ತದೆ, ಗೆದ್ದವನಿಗೂ ಸೋತವನಿಗೂ ಬೇಕಾದ ಊರು ಉಳಿಯುತ್ತದೆ ಎಂಬ ಮೂರನೆಯ ಪಾಠವನ್ನೂ ಅದು ಕಲಿಸುತ್ತದೆ.

ನರಸೀಪುರ ತಾಲ್ಲೂಕಿನ ತಲಕಾಡು ಗಂಗ ವಂಶದ ಅರಸರ ರಾಜಧಾನಿಯಾಗಿತ್ತು, ಆಳುವುದೇ ಅದರ ಕಸುಬಾಗಿತ್ತು. 1004ರ ಸುಮಾರಿಗೆ ರಾಜರಾಜ ಚೋಳನ ಸೇನೆ ಅದನ್ನು ಗೆದ್ದಾಗ ಊರಿನ ಹೆಸರೇ ರಾಜರಾಜಪುರವೆಂದು ಬದಲಾಯಿತು. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಚೋಳರ ಅಧಿಕಾರಿಯನ್ನು ಸೋಲಿಸಿ ಊರನ್ನು ಕೈವಶ ಮಾಡಿಕೊಂಡ. ದಂಡನಾಯಕನೆಂದರೆ ದಂಡನ್ನು ನಡೆಸುವ ಸೇನಾನಿ. ಈ ಗೆಲುವು ಎಷ್ಟು ದೊಡ್ಡದೆನಿಸಿತೆಂದರೆ ವಿಷ್ಣುವರ್ಧನ ಅಲ್ಲಿ ಕೀರ್ತಿನಾರಾಯಣ ದೇವಾಲಯವನ್ನು ಕಟ್ಟಿಸಿದ್ದಲ್ಲದೆ, ‘ಶ್ರೀ ತಳಕಾಡುಗೊಂಡ’ ಎಂಬ ಬಿರುದನ್ನು ಕನ್ನಡ ಲಿಪಿಯಲ್ಲಿ ತನ್ನ ಚಿನ್ನದ ನಾಣ್ಯಗಳ ಮೇಲೂ ಅಚ್ಚು ಹಾಕಿಸಿದ. ಬೆರಳ ತುದಿಯಲ್ಲಿ ನಿಲ್ಲುವಷ್ಟು ಚಿಕ್ಕ ಚಿನ್ನದ ತುಣುಕಿನಲ್ಲಿ ಒಂದು ಊರಿನ ಸೋಲು ಇನ್ನೊಂದು ವಂಶದ ಹೆಗ್ಗಳಿಕೆಯಾಯಿತು. ಆದರೆ ಹೊಯ್ಸಳರ ರಾಜಧಾನಿ ದೋರಸಮುದ್ರವಾಗಿದ್ದುದರಿಂದ ತಲಕಾಡಿಗೆ ಹಳೆಯ ಕೆಲಸ ಮರಳಲಿಲ್ಲ. ಕಾಲಾಂತರದಲ್ಲಿ ಅದರ ಗುಡಿಗಳನ್ನು ಕಾವೇರಿ ದಂಡೆಯ ಮರಳು ಮುಚ್ಚುತ್ತ ಬಂತು.

ಕದನದಿಂದ ಬಂದ ಬಲ ಊರು ಕಟ್ಟುವುದಕ್ಕೂ ಒದಗುತ್ತದೆ ಎಂಬುದಕ್ಕೆ ಅದೇ ತಾಲ್ಲೂಕಿನ ಸೋಮನಾಥಪುರ ಸಾಕ್ಷಿ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ತನ್ನ ಹೆಸರಿನಲ್ಲಿ ಅಗ್ರಹಾರವನ್ನು, ಎಂದರೆ ವಿದ್ವಾಂಸರಾದ ಬ್ರಾಹ್ಮಣರಿಗೆ ದತ್ತಿಯಾಗಿ ಬಿಟ್ಟ ಊರನ್ನು, ನೆಲೆಗೊಳಿಸಿ 1258ರಲ್ಲಿ ಕೇಶವ ದೇವಾಲಯವನ್ನು ಕಟ್ಟಿಸಿದ. ಅಲ್ಲಿನ ಅನೇಕ ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರು ಕೊರೆದಿರುವುದನ್ನು ಇಂದಿಗೂ ಓದಬಹುದು. ಸೇನಾನಿಯ ಊರಿನಲ್ಲಿ ಕುಶಲಕರ್ಮಿಯ ಹೆಸರೂ ಹೀಗೆ ಉಳಿದುಕೊಂಡಿತು.

ನಂಜನಗೂಡಿನ ಕಸುಬು ಇನ್ನೊಂದು ಬಗೆಯದು. ನಂಜುಂಡನೆಂದರೆ ನಂಜನ್ನು ಉಂಡವನು. ವಿಷವನ್ನೇ ಅರಗಿಸಿಕೊಂಡ ದೇವರು ಬೇನೆಯನ್ನು ಕಳೆಯುವನೆಂಬ ನಂಬಿಕೆಯ ಮೇಲೆ ಈ ಊರು ಬೆಳೆಯಿತು. ತನ್ನ ಆನೆಯ ಕಣ್ಣಿನ ಬೇನೆ ವಾಸಿಯಾದುದಕ್ಕೆ ಮೈಸೂರನ್ನು ಆಳಿದ ಟಿಪ್ಪು ಸುಲ್ತಾನ ಈ ದೇವರನ್ನು ‘ಹಕೀಂ ನಂಜುಂಡ’ನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂಬ ಪ್ರತೀತಿಯಿದೆ. ಹತ್ತಿರದ ಕಳಲೆಯಿಂದ ಬಂದ ದಳವಾಯಿಗಳು, ಎಂದರೆ ಮೈಸೂರಿನ ಸರ್ವಸೇನಾಧಿಪತಿಗಳು, ಸುಮಾರು 1735ರಲ್ಲಿ ಕಪಿಲೆಗೆ ಕಟ್ಟಿಸಿದ ಕಲ್ಲಿನ ಸೇತುವೆಯ ಮೇಲೆ ಮುಂದೆ ರೈಲೂ ಓಡಿತು. 1913ರಲ್ಲಿ ಬಿ.ವಿ. ಪಂಡಿತರು ತೆರೆದ ಸದ್ವೈದ್ಯಶಾಲೆಯ ಹಲ್ಲುಪುಡಿ ಮನೆಮನೆಗೆ ಮುಟ್ಟಿ, ಬೇನೆ ಕಳೆಯುವ ಊರೆಂಬ ಹೆಸರಿಗೆ ಉದ್ಯಮದ ರೂಪ ಕೊಟ್ಟಿತು.

ಯಾವ ನೆಲದಲ್ಲಿ ನಿಂತು ಕಾದಬೇಕೆಂಬ ಪಾಠಕ್ಕೆ ಸಾಕ್ಷಿ ಇದೇ ಕಾವೇರಿಯ ಮೇಲ್ಭಾಗದ ಶ್ರೀರಂಗಪಟ್ಟಣ. ಟಿಪ್ಪುವಿನ ಮೈಸೂರು ರಾಜ್ಯದ ರಾಜಧಾನಿಯಾಗಿದ್ದ ಅದಕ್ಕೆ ಹೊಳೆಯ ಕವಲುಗಳೇ ಕಂದಕವಾಗಿದ್ದವು. 1791ರಲ್ಲಿ ಅದರ ಹತ್ತಿರಕ್ಕೆ ಬಂದ ಬ್ರಿಟಿಷ್ ಸೇನಾನಿ ಕಾರ್ನವಾಲಿಸನ ಸೇನೆ ಮಳೆಗೂ ದವಸದ ಕೊರತೆಗೂ ಸಿಕ್ಕಿ ಹಿಂದಿರುಗಿತು. 1799ರ ಮೇ 4ರಂದು, ಹೊಳೆಯ ನೀರು ಇಳಿದಿದ್ದ ಬೇಸಿಗೆಯಲ್ಲಿ, ಬ್ರಿಟಿಷರು ಹೊಳೆ ದಾಟಿ ಕೋಟೆಗೆ ನುಗ್ಗಿದರು. ಆ ಊರು ರಾಜಧಾನಿಯ ಪಟ್ಟ ಕಳೆದುಕೊಂಡಿತು, ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. 1831ರಲ್ಲಿ ಆಡಳಿತವನ್ನೂ ಬ್ರಿಟಿಷರು ತೆಗೆದುಕೊಂಡ ಮೇಲೆ ಈ ದೊರೆಗೆ ನಡೆಸಲು ದಂಡು ಉಳಿಯಲಿಲ್ಲ, ಮಣೆಯ ಮೇಲಿನ ಕಾಯಿಗಳು ಉಳಿದವು. ಚದುರಂಗದ ಕುದುರೆ ಅರವತ್ನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ‘ತುರಗಬಂಧ’ವನ್ನು ಅವರು ಹಲವು ಬಗೆಯಲ್ಲಿ ಬಿಡಿಸಿದರು, ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯೆಂಬ ಭಾಗ ಮಣೆಯಾಟಗಳಿಗೂ ಗಂಜೀಫಾ ಎಲೆಗಳಾಟಗಳಿಗೂ ಮೀಸಲಾಯಿತು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಏಳು ಕಳಶಗಳ ಮಹಾಗೋಪುರ ಮೇಲೆದ್ದುದೂ ಅವರ ಕಾಲದಲ್ಲಿಯೇ. ರಾಜ್ಯಾಧಿಕಾರ ಕೈತಪ್ಪಿದ್ದರೂ ಊರಿಗೆ ಅದರ ಕಸುಬಿಗೆ ಒಪ್ಪುವ ಆಸರೆ ಕೊಡುವುದು ಆ ಅರಮನೆಗೆ ಸಾಧ್ಯವಾಯಿತು.

ಇಂದು ನರಸೀಪುರದಲ್ಲಿ ಬಿಚ್ಚಿದ ರೇಷ್ಮೆ ನೂಲು ಮೈಸೂರಿನ ಮಗ್ಗಗಳಲ್ಲಿ ಸೀರೆಯಾಗುತ್ತದೆ, ಅಲ್ಲಿನ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆದುಬಂದಿದೆ. ರಾಜಧಾನಿಯ ಪಟ್ಟ ಕಳೆದುಕೊಂಡ ತಲಕಾಡಿಗೂ ಪಂಚಲಿಂಗ ದರ್ಶನದ, ಎಂದರೆ ಐದು ಶಿವಲಿಂಗಗಳನ್ನು ಕಂಡುಬರುವ ಯಾತ್ರೆಯ, ವರ್ಷಗಳಲ್ಲಿ ಜನಸಾಗರವೇ ಹರಿದುಬರುತ್ತದೆ, ಮುಚ್ಚಿದ್ದ ಗುಡಿಗಳ ಸುತ್ತಲಿನ ಮರಳನ್ನು ಜನ ತೋಡಿ ದಾರಿ ಮಾಡುತ್ತಾರೆ. ಗಂಗರಿಂದ ಚೋಳರಿಗೆ, ಚೋಳರಿಂದ ಹೊಯ್ಸಳರಿಗೆ ಕೈ ಬದಲಾದ ಆ ಊರು ಕೊನೆಗೆ ಹಿಡಿದದ್ದು ಕಪಿಲೆಯ ದಂಡೆಯ ನಂಜನಗೂಡು ಎಂದೂ ಬಿಡದಿದ್ದ ಕಸುಬನ್ನು, ಎಂದರೆ ದೇವರನ್ನು ನಂಬಿ ಬರುವವರನ್ನು ಬರಮಾಡಿಕೊಳ್ಳುವುದನ್ನು.