ಸಿಡಿಲು, ಕಬ್ಬಿಣ, ಭೂಸಂಪರ್ಕ: ಹೊನ್ನಾಳಿ ಸೀಮೆಯ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ಟಿಪ್ಪಣಿ

ಕನ್ನಡ ಜಾನಪದ ಅಧ್ಯಯನದಲ್ಲಿ ಮಳೆಗೆ ದೊರೆತ ಸ್ಥಾನ ಸಿಡಿಲಿಗೆ ದೊರೆತಿಲ್ಲ. ಮಳೆರಾಯನ ಪೂಜೆ, ಜೋಕುಮಾರನ ಆಚರಣೆ, ಕಪ್ಪೆಗಳ ಮದುವೆ ಇವುಗಳನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಸಿಡಿಲಿನಿಂದ ಜೀವವನ್ನೂ ವಸ್ತುವನ್ನೂ ಕಾಪಾಡಿಕೊಳ್ಳುವ ತಿಳಿವಳಿಕೆಯ ಚರಿತ್ರೆ ಮಾತ್ರ ಬಹುಮಟ್ಟಿಗೆ ಅಲಕ್ಷಿತವಾಗಿದೆ. ತುಂಗಭದ್ರೆಯ ದಂಡೆಯ ಹೊನ್ನಾಳಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದು, ಆ ವರ್ಷ ದಾವಣಗೆರೆ ಜಿಲ್ಲೆಗೆ ಸೇರಿತು. ಮಲೆನಾಡು ಬಯಲಾಗುವ ಈ ಸೀಮೆಯಲ್ಲಿ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳು ಗುಡುಗು ಸಿಡಿಲುಗಳೊಡನೆಯೇ ಬರುತ್ತವೆ.

ಗುಡುಗಿದಾಗ ಅರ್ಜುನನ ಹೆಸರುಗಳನ್ನು ಹೇಳುವ ರೂಢಿ ಕರ್ನಾಟಕದಲ್ಲಿ ವ್ಯಾಪಕವಾದುದು. ವಜ್ರಾಯುಧವು ಇಂದ್ರನದು, ಅರ್ಜುನನು ಇಂದ್ರನ ಮಗ. ಮಗನ ಹೆಸರು ಕೇಳಿದರೆ ತಂದೆ ಹೊಡೆಯಲಾರನೆಂಬುದು ಇದರ ಹಿಂದಿನ ತರ್ಕ. ಮಲೆನಾಡು, ಕರಾವಳಿಗಳಲ್ಲಿ ಕತ್ತಿಯಂತಹ ಕಬ್ಬಿಣದ ವಸ್ತುವನ್ನು ಅಂಗಳಕ್ಕೆ ಎಸೆಯುವ ಪದ್ಧತಿಯೂ ಉಂಟು. ಇದನ್ನೂ ದೇವಾಲಯದ ಕಲಶವನ್ನೂ ಮಿಂಚುವಾಹಕದ ಪೂರ್ವರೂಪವೆಂದು ಕೊಂಡಾಡುವುದುಂಟು. ಈ ಮಾತನ್ನು ಒಪ್ಪುವುದು ಕಷ್ಟ. ಬೆಂಜಮಿನ್ ಫ್ರಾಂಕ್ಲಿನ್ 1752ರ ಹೊತ್ತಿಗೆ ರೂಪಿಸಿದ ಮಿಂಚುವಾಹಕದ ಸಾರವಿರುವುದು ತುದಿಯ ಲೋಹದಲ್ಲಲ್ಲ. ತುದಿಯಿಂದ ತೇವದ ನೆಲದವರೆಗೆ ಕಡಿಯದೆ ಸಾಗುವ ಲೋಹದ ದಾರಿಯಲ್ಲಿ. ಕಲ್ಲಿನ ಶಿಖರದ ಮೇಲಿನ ಕಲಶಕ್ಕೆ ಆ ದಾರಿಯಿಲ್ಲ. ಅಂಗಳದಲ್ಲಿ ಬಿದ್ದ ಕತ್ತಿ ಸಿಡಿಲನ್ನು ಸೆಳೆಯುವುದೂ ಇಲ್ಲ, ತಡೆಯುವುದೂ ಇಲ್ಲ. ಅದನ್ನು ಎಸೆಯಲು ಹೊಸ್ತಿಲಿಗೆ ಬರುವುದೇ ಅಪಾಯ. ಆಚರಣೆಯ ಅರ್ಥವನ್ನು ಗೌರವಿಸುವುದು ಬೇರೆ, ಅದಕ್ಕೆ ವಿಜ್ಞಾನದ ಅಂಗಿ ತೊಡಿಸುವುದು ಬೇರೆ.

ಕಂಬಳಿಯ ವಿಷಯವನ್ನು ಇಲ್ಲಿ ನೆನೆಯಬೇಕು. ಚಳಿಗಾಲದ ಒಣಹವೆಯಲ್ಲಿ, ಕತ್ತಲಲ್ಲಿ ಉಣ್ಣೆಯ ಕಂಬಳಿ ಕೊಡವಿದರೆ ಕಿಡಿ ಕಾಣುತ್ತದೆ. ಮುಗಿಲಲ್ಲಿ ಬೃಹತ್ತಾಗಿ ಶೇಖರವಾಗುವ ವಿದ್ಯುದಾವೇಶವೇ ಇಲ್ಲಿ ಕಿರಿದಾಗಿದೆ. ಇಂತಹ ಕಿಡಿ ಮನುಷ್ಯನ ಅರಿವಿಗೆ ಬರಲು ಸುಮಾರು 3000 ವೋಲ್ಟ್ ಬೇಕು. ಕೆಲವು ಅರೆವಾಹಕ ಬಿಡಿಭಾಗಗಳು ಕೆಡಲು 100 ವೋಲ್ಟ್ ಸಹ ಬೇಡ. ಆದುದರಿಂದಲೇ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳ ಕೆಲಸಗಾರರು ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿ ಕಟ್ಟಿಕೊಳ್ಳುತ್ತಾರೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ತಂತಿ ಎಳೆದಾಗ ಮೈಸೂರು ಸಂಸ್ಥಾನದಲ್ಲಿ ಸಿಡಿಲಿಗೆ ಹೊಸದೊಂದು ದಾರಿ ತೆರೆಯಿತು. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ಮುಂದಿನ ದಶಕಗಳಲ್ಲಿ ತಂತಿ ಹಳ್ಳಿಗಳನ್ನೂ ಪಂಪ್‌ಸೆಟ್ಟುಗಳನ್ನೂ ಮುಟ್ಟಿತು. ಸಿಡಿಲು ಮನೆಗೇ ಬಡಿಯಬೇಕಾಗಿಲ್ಲ. ತಂತಿಯ ಸಮೀಪದಲ್ಲೆಲ್ಲೋ ಬಿದ್ದರೂ ಪ್ರೇರಿತ ವೋಲ್ಟೇಜು ಮೈಕ್ರೋಸೆಕೆಂಡುಗಳಲ್ಲಿ ಹರಿದು ಬಂದು ಮೋಟಾರಿನ ಸುರುಳಿಯನ್ನೋ ದೂರದರ್ಶನದ ಮಂಡಲವನ್ನೋ ಸುಡುತ್ತದೆ. ಇದನ್ನು ತಡೆಯಲು ಮೊದಲು ಕೊಂಬಿನಾಕಾರದ ಕಿಡಿಯಂತರಗಳು, ಬಳಿಕ ಸಿಲಿಕಾನ್ ಕಾರ್ಬೈಡಿನ ಸಿಡಿಲುತಡೆಗಳು ಬಂದವು. 1960ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಸತುವಿನ ಆಕ್ಸೈಡಿನ ವ್ಯಾರಿಸ್ಟರ್ ರೂಪುಗೊಂಡಿತು. ಸಾಮಾನ್ಯ ವೋಲ್ಟೇಜಿಗೆ ಅದು ಬಹುತೇಕ ಮುಚ್ಚಿದ ಬಾಗಿಲು; ಮಿತಿ ಮೀರಿದೊಡನೆ ತೆರೆದು ಹೆಚ್ಚುವರಿಯನ್ನು ನೆಲಕ್ಕೆ ಬಿಡುತ್ತದೆ. ಇಂದು ಮನೆಗಳ ಸ್ಪೈಕ್ ಗಾರ್ಡುಗಳಲ್ಲಿರುವ ಗುಂಡುಬಿಲ್ಲೆ ಇದೇ.

ಆದರೆ ನೆಲಕ್ಕೆ ದಾರಿಯಿರಬೇಕು. ಹಳ್ಳಿಗರ ಬಾಯಲ್ಲಿ ‘ಅರ್ತಿಂಗ್’ ಆಗಿರುವ ಭೂಸಂಪರ್ಕದ ಗುಂಡಿಯಲ್ಲಿ ಕೊಳವೆಯ ಸುತ್ತ ಇದ್ದಲು, ಉಪ್ಪುಗಳನ್ನು ಪದರಪದರವಾಗಿ ತುಂಬಿ ನೀರೆರೆಯುತ್ತಾರೆ. ಜಾನಪದ ವಿದ್ಯಾರ್ಥಿಗೆ ಇದು ಯಾವುದೋ ಶಾಂತಿಕರ್ಮದಂತೆ ಕಂಡರೆ ಆಶ್ಚರ್ಯವಿಲ್ಲ. ಉಪ್ಪು ತೇವವನ್ನು ಹಿಡಿದು ಮಣ್ಣಿನ ಪ್ರತಿರೋಧವನ್ನು ಇಳಿಸುತ್ತದೆ. ಮೊದಲ ಸಿಡಿಲಿನ ಮಳೆಗಳು ಬರುವುದು ಬೇಸಿಗೆಯ ಕೊನೆಗೆ, ಗುಂಡಿ ಅತ್ಯಂತ ಒಣಗಿರುವಾಗ. ಆಗ ನೀರೆರೆಯದಿದ್ದರೆ ಎಷ್ಟು ಬೆಲೆಯ ಸಾಧನವಿದ್ದರೂ ಪ್ರಯೋಜನ ಅಲ್ಪ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು 2018ರ ಸುಮಾರಿಗೆ ಮೊಬೈಲ್ ಮುನ್ನೆಚ್ಚರಿಕೆಯ ತಂತ್ರಾಂಶವನ್ನು ರೂಪಿಸಿದಾಗ ಅದಕ್ಕೆ ‘ಸಿಡಿಲು’ ಎಂದೇ ಹೆಸರಿಟ್ಟಿತು. ಬಯಲಲ್ಲಿರುವ ಕುರಿಗಾಹಿಗೆ, ಗದ್ದೆಯ ಕೂಲಿಯವರಿಗೆ ಅದು ತಲಪುವುದು ಮುಖ್ಯ. ಮರದಡಿ ನಿಲ್ಲದೆ ಗಟ್ಟಿ ಕಟ್ಟಡ ಸೇರಲು ಅವರಿಗೆ ಸಮಯ ಬೇಕು. ಮನೆಗಳಲ್ಲಿ ಮೊದಲ ಗುಡುಗಿಗೇ ದೂರದರ್ಶನದ ಪ್ಲಗ್ಗು ಕೀಳುವುದು ಈಗ ಹೊಸ ರೂಢಿಯಾಗಿದೆ. ಪ್ಲಗ್ಗನ್ನಷ್ಟೇ ಕಿತ್ತು ಕೇಬಲ್ಲನ್ನು ಹಾಗೆಯೇ ಬಿಟ್ಟರೆ ಸಿಡಿಲಿನ ವೋಲ್ಟೇಜು ಆ ದಾರಿಯಿಂದಲೂ ಒಳಬರುತ್ತದೆ.